70 ದಾಟಿದವರಿಗೆಲ್ಲ 5 ಲಕ್ಷ ರೂಪಾಯಿ ಉಚಿತ ಚಿಕಿತ್ಸೆ: ಈ ಮೆಸೇಜ್ ಎಷ್ಟು ನಿಜ?

‘70 ವರ್ಷ ತುಂಬಿದವರಿಗೆಲ್ಲ ಸರ್ಕಾರದಿಂದ 5 ಲಕ್ಷ ರೂಪಾಯಿ. ಬಡವರು, ಶ್ರೀಮಂತರು ಎಂಬ ಭೇದವಿಲ್ಲ. ಆಧಾರ್ ಇದ್ದರೆ ಸಾಕು, ಯಾವ ಆಸ್ಪತ್ರೆಗೆ ಬೇಕಾದರೂ ಹೋಗಿ. ಕೂಡಲೇ ಕೆಳಗಿನ ಲಿಂಕ್ ಒತ್ತಿ.’ ಹೆಚ್ಚೂಕಡಿಮೆ ಈ ಧಾಟಿಯ ಮೆಸೇಜು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಬಂದ ಕೂಡಲೇ ಅಪ್ಪನಿಗೋ ಅತ್ತೆಗೋ ಕಳಿಸಿಯೂ ಇರಬಹುದು.

ಇದು ಪೂರ್ತಿ ಸುಳ್ಳು ಮೆಸೇಜ್ ಅಲ್ಲ. ಯೋಜನೆ ನಿಜ, 5 ಲಕ್ಷವೂ ನಿಜ. ಆದರೆ ‘ಯಾವ ಆಸ್ಪತ್ರೆಗೆ ಬೇಕಾದರೂ’ ಎನ್ನುವುದು ತಪ್ಪು. ‘ಆಧಾರ್ ಇದ್ದರೆ ಸಾಕು’ ಎನ್ನುವುದು ಕಾರ್ಡ್ ಮಾಡಿಸುವ ಮಟ್ಟಿಗೆ ಸರಿ, ಆಸ್ಪತ್ರೆಯ ಬಿಲ್ಲಿನ ಮಟ್ಟಿಗೆ ಸರಿಯಲ್ಲ. ನೀವು ಅರ್ಹರು ಎಂದು ಕಾರ್ಡ್ ಹೇಳುತ್ತದೆ, ಅಷ್ಟೇ. ಬಿಲ್ ಯಾರು ಕಟ್ಟುತ್ತಾರೆ ಎನ್ನುವುದು ಇನ್ನೂ ಮೂರು ವಿಷಯಗಳ ಮೇಲೆ ನಿಂತಿದೆ: ನಿಮ್ಮ ರೇಷನ್ ಕಾರ್ಡ್ ಯಾವುದು, ನೀವು ಹೋದ ಆಸ್ಪತ್ರೆ ಯಾವುದು, ಬೇಕಾದ ಚಿಕಿತ್ಸೆ ಯಾವುದು. ಕರ್ನಾಟಕದಲ್ಲಂತೂ ಇದನ್ನು ತಿಳಿದುಕೊಳ್ಳದೆ ಕಾರ್ಡ್ ಹಿಡಿದು ಹೊರಟರೆ ಅಡ್ಮಿಷನ್ ಕೌಂಟರಿನಲ್ಲಿ ಮುಜುಗರವಾಗುವ ಸಾಧ್ಯತೆ ಇದೆ.

ಮೆಸೇಜಿನಲ್ಲಿ ನಿಜ ಇರುವುದು

ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ ಶುರುವಾದದ್ದು 2018ರ ಸೆಪ್ಟೆಂಬರ್‌ನಲ್ಲಿ. ಆಗ ಅದು ಬಡ ಕುಟುಂಬಗಳಿಗೆ ಮಾತ್ರ ಇತ್ತು. 70 ವರ್ಷ ಮತ್ತು ಅದಕ್ಕಿಂತ ಹೆಚ್ಚು ವಯಸ್ಸಾದ ಎಲ್ಲರನ್ನೂ, ಆದಾಯ ನೋಡದೆ, ಇದರಲ್ಲಿ ಸೇರಿಸಲು ಕೇಂದ್ರ ಸಂಪುಟ 2024ರ ಸೆಪ್ಟೆಂಬರ್ 11ರಂದು ಒಪ್ಪಿತು. ಅದೇ ವರ್ಷ ಅಕ್ಟೋಬರ್ 29ರಂದು ಚಾಲನೆ ಸಿಕ್ಕಿತು. ಹೀಗೆ ಸೇರಿದವರಿಗೆ ಕೊಡುವುದೇ ‘ಆಯುಷ್ಮಾನ್ ವಯ ವಂದನಾ’ ಕಾರ್ಡ್.

ಇದರ ಮುಖ್ಯ ನಿಯಮಗಳು ಹೀಗಿವೆ:

• ವಯಸ್ಸಿಗೆ ಆಧಾರ್ ಕಾರ್ಡೇ ಪ್ರಮಾಣ. ಆಧಾರ್‌ನಲ್ಲಿ 68 ಎಂದಿದ್ದರೆ ನಿಜ ವಯಸ್ಸು 72 ಆಗಿದ್ದರೂ ಕಾರ್ಡ್ ಸಿಗದು. ಮೊದಲು ಆಧಾರ್ ತಿದ್ದಿಸಬೇಕು.

• ಪಿಂಚಣಿ ಬರುತ್ತದೆ, ಸ್ವಂತ ಮನೆ ಇದೆ, ಆದಾಯ ತೆರಿಗೆ ಕಟ್ಟುತ್ತೀರಿ ಎಂಬ ಕಾರಣಕ್ಕೆ ತಿರಸ್ಕರಿಸುವುದಿಲ್ಲ.

• ಖಾಸಗಿ ಆರೋಗ್ಯ ವಿಮೆ ಇರುವವರೂ ಇಎಸ್‌ಐ ಸೌಲಭ್ಯ ಇರುವವರೂ ಈ ಕಾರ್ಡ್ ಮಾಡಿಸಬಹುದು.

• ಮೊದಲೇ ಇರುವ ಸಕ್ಕರೆ ಕಾಯಿಲೆ, ಹೃದ್ರೋಗ, ಕಿಡ್ನಿ ತೊಂದರೆಗೆ ಕಾಯುವ ಅವಧಿ ಇಲ್ಲ.

ಮೆಸೇಜು ಹೇಳದೆ ಬಿಟ್ಟದ್ದು

ಮೊದಲನೆಯದು, 5 ಲಕ್ಷ ತಲೆಗಲ್ಲ, ಕುಟುಂಬಕ್ಕೆ. ಗಂಡನಿಗೆ 75, ಹೆಂಡತಿಗೆ 71 ಆಗಿದ್ದರೆ ಇಬ್ಬರಿಗೂ ಸೇರಿ ವರ್ಷಕ್ಕೆ 5 ಲಕ್ಷ, 10 ಲಕ್ಷವಲ್ಲ. ಗಂಡನಿಗೆ 72, ಹೆಂಡತಿಗೆ 66 ಆಗಿದ್ದರೆ ಈ ಕಾರ್ಡಿನಲ್ಲಿ ಹೆಂಡತಿಗೆ ಏನೂ ಇಲ್ಲ. ಅವರಿಗೆ ಬೇರೆ ದಾರಿ ಹುಡುಕಬೇಕು.

ಎರಡನೆಯದು, ಇದು ಕೈಗೆ ಬರುವ ಹಣವಲ್ಲ. ಒಂದೊಂದು ಚಿಕಿತ್ಸೆಗೂ ಸರ್ಕಾರ ‘ಪ್ಯಾಕೇಜ್’ ದರ ಗೊತ್ತು ಮಾಡಿದೆ. ನೋಂದಾಯಿತ ಆಸ್ಪತ್ರೆ ಮೊದಲೇ ಅನುಮತಿ ಪಡೆದು ಚಿಕಿತ್ಸೆ ಕೊಟ್ಟರೆ ಆ ದರದಂತೆ ಹಣ ಆಸ್ಪತ್ರೆಗೆ ಹೋಗುತ್ತದೆ. ನೋಂದಣಿ ಇಲ್ಲದ ಆಸ್ಪತ್ರೆಯಲ್ಲಿ ದುಡ್ಡು ಕಟ್ಟಿ, ಆಮೇಲೆ ಬಿಲ್ ಹಿಡಿದುಕೊಂಡು ಹೋಗಿ ವಾಪಸ್ ಕೇಳುವ ವ್ಯವಸ್ಥೆ ಇದಲ್ಲ.

ಮೂರನೆಯದು, ಇದು ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗಾಗಿ ಇರುವ ಯೋಜನೆ. ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯಾದ ಮೇಲಿನ 15 ದಿನದ ಔಷಧ ಮತ್ತು ಪರೀಕ್ಷೆ ಪ್ಯಾಕೇಜಿನಲ್ಲೇ ಸೇರಿವೆ. ಆದರೆ ತಿಂಗಳು ತಿಂಗಳು ತರುವ ಬಿಪಿ, ಶುಗರ್ ಮಾತ್ರೆ, ಡಾಕ್ಟರ್ ಫೀಸು, ಸುಮ್ಮನೆ ಮಾಡಿಸುವ ‘ಫುಲ್ ಬಾಡಿ ಚೆಕಪ್’ ಇವು ಸೇರಿಲ್ಲ. ನಿವೃತ್ತರ ಜೇಬಿನಿಂದ ಪ್ರತಿ ತಿಂಗಳು ಹಣ ಹೋಗುವುದು ಹೆಚ್ಚಾಗಿ ಇಂಥವಕ್ಕೇ.

ಕರ್ನಾಟಕದಲ್ಲಿ ತೊಡಕು ಎಲ್ಲಿದೆ?

ನಮ್ಮ ರಾಜ್ಯದಲ್ಲಿ ಕೇಂದ್ರದ ಯೋಜನೆ ಒಂಟಿಯಾಗಿ ನಡೆಯುವುದಿಲ್ಲ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ‘ಆರೋಗ್ಯ ಕರ್ನಾಟಕ’ ಶುರು ಮಾಡಿತ್ತು. ಅದೇ ವರ್ಷ ಅಕ್ಟೋಬರ್ ಕೊನೆಗೆ ಎರಡೂ ಸೇರಿ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಆಯಿತು. ಇದನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಇಲ್ಲಿ ಲೆಕ್ಕ ರೇಷನ್ ಕಾರ್ಡಿನ ಮೇಲೆ ನಡೆಯುತ್ತದೆ.

• ಬಿಪಿಎಲ್ ಕಾರ್ಡ್ ಇದ್ದರೆ: ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ವಯಸ್ಸಿನ ಕಟ್ಟುಪಾಡು ಇಲ್ಲ.

• ಎಪಿಎಲ್ ಇದ್ದರೆ: ಪ್ಯಾಕೇಜ್ ದರದ 30% ಮಾತ್ರ ಸರ್ಕಾರದ್ದು. ಅದೂ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯೊಳಗೆ. ಉಳಿದ 70% ನೀವೇ ಕಟ್ಟಬೇಕು.

ಈಗ ಯೋಚಿಸಿ: 70 ದಾಟಿದವರ ಹೊಸ ಕಾರ್ಡಿನಿಂದ ಹೆಚ್ಚು ಅನುಕೂಲ ಆಗಬೇಕಾದದ್ದು ಯಾರಿಗೆ? ಬಿಪಿಎಲ್ ಮನೆಯ ಅಜ್ಜಿಗೆ 5 ಲಕ್ಷದ ರಕ್ಷಣೆ ಮೊದಲೇ ಇತ್ತು. ಹೊಸದಾಗಿ ಅನುಕೂಲ ಆಗಬೇಕಾದದ್ದು ನಿವೃತ್ತ ಮೇಷ್ಟ್ರು, ಬ್ಯಾಂಕ್ ಗುಮಾಸ್ತರು, ಬಸ್ ಕಂಡಕ್ಟರ್ ಇಂಥವರಿಗೆ. ಬಿಪಿಎಲ್ ಸಿಗದಷ್ಟು ಪಿಂಚಣಿ ಇದೆ, ಆದರೆ ಬೈಪಾಸ್ ಆಪರೇಷನ್ನಿನ ಬಿಲ್ ಕಟ್ಟುವಷ್ಟು ಹಣವಿಲ್ಲ.

ತೊಡಕು ಬಂದದ್ದೂ ಇವರಿಗೇ. ಕೇಂದ್ರ ಚಾಲನೆ ಕೊಟ್ಟ ಮೇಲೆ ಆ್ಯಪ್‌ನಲ್ಲಿ ನೋಂದಣಿ ತೆರೆಯಿತು. ಕರ್ನಾಟಕದ ಆಸ್ಪತ್ರೆಗಳಲ್ಲಿ ಮಾತ್ರ ಅದು ಕೂಡಲೇ ಜಾರಿಗೆ ಬರಲಿಲ್ಲ. ಕಾರ್ಡ್ ತೋರಿಸಿದರೂ ಒಪ್ಪಲಿಲ್ಲ ಎಂಬ ಹಿರಿಯರ ದೂರುಗಳು ಪತ್ರಿಕೆಗಳಲ್ಲಿ ಬಂದವು. ಈ ಯೋಜನೆಯಲ್ಲಿ ಕೇಂದ್ರ ಮತ್ತು ರಾಜ್ಯ 60:40ರಂತೆ ವೆಚ್ಚ ಹಂಚಿಕೊಳ್ಳಬೇಕು. ನಿಜವಾಗಿ ಆಗುವ ಖರ್ಚಿಗೆ ಹೋಲಿಸಿದರೆ ಕೇಂದ್ರ ಕೊಡುವುದು ಕಡಿಮೆ ಎಂಬುದು ರಾಜ್ಯ ಸರ್ಕಾರದ ಆಕ್ಷೇಪ. ಆ ವಾದದಲ್ಲಿ ಯಾರು ಸರಿ ಎಂಬುದು ಬೇರೆ ಚರ್ಚೆ. ನಿಮಗೆ ಬೇಕಾದದ್ದು ಇಷ್ಟು: ಫೋನಿನಲ್ಲಿ ಕಾರ್ಡ್ ಡೌನ್‌ಲೋಡ್ ಆಯಿತು ಎಂದರೆ ಆಸ್ಪತ್ರೆ ಅದನ್ನು ಒಪ್ಪುತ್ತದೆ ಎಂದು ಅರ್ಥವಲ್ಲ. ದಾಖಲಾಗುವ ಮುಂಚೆ ಕೇಳಿಯೇ ತಿಳಿಯಬೇಕು.

ಭಾನುವಳ್ಳಿಯ ಮೂರು ಮನೆ

ಹರಿಹರ ತಾಲ್ಲೂಕಿನ ಭಾನುವಳ್ಳಿಯಲ್ಲಿ ಮೂರು ಮನೆಗಳನ್ನು ಊಹಿಸಿಕೊಳ್ಳಿ. ಮೂವರಿಗೂ ಅದೇ ಮೆಸೇಜು ಬಂದಿದೆ. ಉತ್ತರ ಮಾತ್ರ ಬೇರೆ ಬೇರೆ.

*ಮೊದಲ ಮನೆ: ಕೂಲಿ ಮಾಡಿ ಬದುಕಿದ 76ರ ಅಜ್ಜಿ, ಮಗನ ಜೊತೆ ಇದ್ದಾರೆ, ಬಿಪಿಎಲ್ ಕಾರ್ಡ್ ಇದೆ.* ಇವರಿಗೆ ಆರೋಗ್ಯ ಕರ್ನಾಟಕದಲ್ಲೇ ಕುಟುಂಬದ 5 ಲಕ್ಷ ಇದೆ. ಕೇಂದ್ರದ ನಿಯಮದಂತೆ 70 ದಾಟಿದವರಿಗೆ ಅದರ ಮೇಲೆ ಇನ್ನೊಂದು 5 ಲಕ್ಷ ಪ್ರತ್ಯೇಕ. ಅದನ್ನು ಮನೆಯ ಕಿರಿಯರು ಬಳಸುವಂತಿಲ್ಲ. ಇಲ್ಲಿ ನೋಡಬೇಕಾದದ್ದು ರೇಷನ್ ಕಾರ್ಡು. ಅಜ್ಜಿಯ ಹೆಸರು ಅದರಲ್ಲಿ ಇದೆಯೇ? ಇ–ಕೆವೈಸಿ ಆಗಿದೆಯೇ? ಕಾರ್ಡ್ ಇನ್ನೂ ಬಿಪಿಎಲ್ ಆಗಿಯೇ ಇದೆಯೇ? 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿ ರಾಜ್ಯದಲ್ಲಿ ದೊಡ್ಡ ಗದ್ದಲವಾಗಿತ್ತು, ನಿಮಗೂ ನೆನಪಿರಬಹುದು. ಬಿಪಿಎಲ್ ಹೋಗಿ ಎಪಿಎಲ್ ಆದರೆ ನಿಲ್ಲುವುದು ಅಕ್ಕಿ ಒಂದೇ ಅಲ್ಲ, ಆಸ್ಪತ್ರೆಯಲ್ಲಿ ಸರ್ಕಾರದ ಪಾಲೂ 30%ಗೆ ಇಳಿಯುತ್ತದೆ.

*ಎರಡನೇ ಮನೆ: ನಿವೃತ್ತ ಶಾಲಾ ಮೇಷ್ಟ್ರಿಗೆ 72, ಅವರ ಹೆಂಡತಿಗೆ 66, ಎಪಿಎಲ್ ಕಾರ್ಡ್.* ರಾಜ್ಯ ಸರ್ಕಾರಿ ನೌಕರರ ನಗದುರಹಿತ ಚಿಕಿತ್ಸೆಯ ಯೋಜನೆಗಳಾದ ಜ್ಯೋತಿ ಸಂಜೀವಿನಿ, ಅದರ ನಂತರ ಬಂದ ಕರ್ನಾಟಕ ಆರೋಗ್ಯ ಸಂಜೀವಿನಿ ರೂಪುಗೊಂಡದ್ದು ಸೇವೆಯಲ್ಲಿ ಇರುವವರಿಗಾಗಿ. ಹಾಗಾಗಿ ಮೇಷ್ಟ್ರು ವಯ ವಂದನಾ ಕಾರ್ಡ್ ಮಾಡಿಸಿಕೊಳ್ಳುವುದು ಒಳ್ಳೆಯದು, ಖರ್ಚೇನೂ ಇಲ್ಲ. ಆದರೆ ಅದೊಂದನ್ನೇ ನಂಬಿ ಕೂರಬಾರದು. ಆಸ್ಪತ್ರೆ ಅದನ್ನು ಒಪ್ಪದಿದ್ದರೆ ಉಳಿಯುವುದು ಎಪಿಎಲ್ ಲೆಕ್ಕ. ಪ್ಯಾಕೇಜ್ ದರ ಒಂದು ಲಕ್ಷ ಎಂದು ಇಟ್ಟುಕೊಂಡರೆ ಸರ್ಕಾರದ್ದು 30 ಸಾವಿರ, ಮೇಷ್ಟ್ರದ್ದು 70 ಸಾವಿರ. ಹೆಂಡತಿಗೆ ಈಗ ಇರುವುದು ಎಪಿಎಲ್ ಲೆಕ್ಕ ಮಾತ್ರ. ಮಗನೋ ಮಗಳೋ ರಾಜ್ಯ ಸರ್ಕಾರಿ ನೌಕರಿಯಲ್ಲಿದ್ದರೆ ಅವಲಂಬಿತ ತಂದೆ–ತಾಯಿಯನ್ನು ಅವರ ಯೋಜನೆಯಲ್ಲಿ ಸೇರಿಸಬಹುದೇ ಎಂದು ಅವರ ಕಚೇರಿಯಲ್ಲಿ ಕೇಳಬೇಕು. ಊರಿನ ಸಹಕಾರ ಸಂಘದಲ್ಲಿ ಸದಸ್ಯತ್ವ ಇದ್ದರೆ ಯಶಸ್ವಿನಿಯನ್ನೂ ವಿಚಾರಿಸಬೇಕು. 2018ರಲ್ಲಿ ನಿಂತಿದ್ದ ಆ ಯೋಜನೆ 2022–23ರಲ್ಲಿ ಮತ್ತೆ ಶುರುವಾದಾಗ ಮಿತಿ ಕುಟುಂಬಕ್ಕೆ 5 ಲಕ್ಷ, ಶುಲ್ಕ ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಎಂದಿತ್ತು. ಇದರ ನೋಂದಣಿ ವರ್ಷದಲ್ಲಿ ಕೆಲವೇ ತಿಂಗಳು ತೆರೆದಿರುತ್ತದೆ. ಕಾಯಿಲೆ ಬಂದ ಮೇಲೆ ಓಡಿದರೆ ಸಿಗುವುದಿಲ್ಲ.

*ಮೂರನೇ ಮನೆ: ಹರಿಹರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ 63ರ ಕಾರ್ಮಿಕ.* ವಯ ವಂದನಾಗೆ ಇನ್ನೂ ಏಳು ವರ್ಷ ಬೇಕು. ಆದರೆ ಸಂಬಳದಲ್ಲಿ ಇಎಸ್‌ಐ ಕಡಿತವಾಗುತ್ತಿದ್ದು, ಕನಿಷ್ಠ 5 ವರ್ಷ ವಿಮಾದಾರರಾಗಿದ್ದು ನಿವೃತ್ತರಾಗಿದ್ದರೆ, ವರ್ಷಕ್ಕೆ 120 ರೂಪಾಯಿ ಕಟ್ಟಿ ತಾನೂ ಹೆಂಡತಿಯೂ ಇಎಸ್‌ಐ ವೈದ್ಯಕೀಯ ಸೌಲಭ್ಯ ಮುಂದುವರಿಸಬಹುದು. ಹತ್ತಿಗಿರಣಿ, ಕಾರ್ಖಾನೆಗಳ ದಾವಣಗೆರೆ–ಹರಿಹರದಲ್ಲಿ ಇಂಥ ಮನೆಗಳಿಗೆ ಕೊರತೆ ಇಲ್ಲ. ದಾವಣಗೆರೆಯಲ್ಲಿ ಇಎಸ್‌ಐ ಆಸ್ಪತ್ರೆಯೇ ಇದೆ. ಇಎಸ್‌ಐನಲ್ಲಿ ಹೊರರೋಗಿ ತಪಾಸಣೆ, ಔಷಧವೂ ಸಿಗುತ್ತದೆ ಎನ್ನುವುದು ಇನ್ನೊಂದು ಅನುಕೂಲ. ನಿವೃತ್ತಿಯ ದಾಖಲೆ, ಇಎಸ್‌ಐ ನಂಬರ್ ಹಿಡಿದು ಇಎಸ್‌ಐ ಶಾಖಾ ಕಚೇರಿಗೆ ಹೋಗಬೇಕು.

ಆಸ್ಪತ್ರೆಗೆ ಹೋಗುವ ದಾರಿ

ಆರೋಗ್ಯ ಕರ್ನಾಟಕದಲ್ಲಿ ನೇರವಾಗಿ ದೊಡ್ಡ ಖಾಸಗಿ ಆಸ್ಪತ್ರೆಗೆ ಹೋಗುವಂತಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆ. ಭಾನುವಳ್ಳಿಯವರಾದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಹರಿಹರದ ತಾಲ್ಲೂಕು ಆಸ್ಪತ್ರೆ, ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ. ಬೇಕಾದ ಚಿಕಿತ್ಸೆ ಅಲ್ಲಿ ಇಲ್ಲದಿದ್ದರೆ ಸರ್ಕಾರಿ ವೈದ್ಯರು ರೆಫರಲ್ ಚೀಟಿ ಬರೆದುಕೊಡುತ್ತಾರೆ. ಅದನ್ನು ಹಿಡಿದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು.

ಯೋಜನೆಯಲ್ಲಿ ಗುರುತಿಸಿದ್ದ ಒಟ್ಟು 1,650 ಚಿಕಿತ್ಸೆಗಳ ಪೈಕಿ 169 ತುರ್ತು ಚಿಕಿತ್ಸೆಗಳು. ಇವಕ್ಕೆ ರೆಫರಲ್ ಬೇಡ, ನೋಂದಾಯಿತ ಆಸ್ಪತ್ರೆಗೆ ನೇರ ಹೋಗಬಹುದು. ಎದೆನೋವು, ಪಾರ್ಶ್ವವಾಯು, ಅಪಘಾತದ ಹೊತ್ತಿನಲ್ಲಿ ಕಾರ್ಡ್ ಹುಡುಕುತ್ತಾ ಮನೆಯಲ್ಲಿ ಕೂರಬೇಡಿ. 108ಕ್ಕೆ ಕರೆ ಮಾಡಿ ಹೊರಡಿ, ಕಾಗದಪತ್ರ ಹಿಂದಿನಿಂದ ಬರಲಿ.

ನೋಂದಾಯಿತ ಆಸ್ಪತ್ರೆಯಲ್ಲಿ ‘ಆರೋಗ್ಯ ಮಿತ್ರ’ ಎಂಬ ಸಿಬ್ಬಂದಿ ಇರುತ್ತಾರೆ. ದಾಖಲಾಗುವ ಮುಂಚೆ ಅವರನ್ನು ಕಂಡು ಈ ನಾಲ್ಕು ಪ್ರಶ್ನೆ ಕೇಳಿ:

1. ಈ ಆಸ್ಪತ್ರೆ ಈ ಚಿಕಿತ್ಸೆಗೆ ನೋಂದಣಿ ಆಗಿದೆಯೇ? (ಕಣ್ಣಿಗೆ ಇದ್ದು ಹೃದಯಕ್ಕೆ ಇಲ್ಲದಿರಬಹುದು.)

2. ನಮ್ಮ ಕಾರ್ಡಿನಲ್ಲಿ, ಅಂದರೆ ಬಿಪಿಎಲ್, ಎಪಿಎಲ್ ಅಥವಾ ವಯ ವಂದನಾದಲ್ಲಿ, ಇದಕ್ಕೆ ಅನುಮತಿ ಸಿಗುತ್ತದೆಯೇ?

3. ರೆಫರಲ್ ಚೀಟಿ ಬೇಕೇ?

4. ನಾವು ಕೈಯಿಂದ ಕಟ್ಟಬೇಕಾದದ್ದು ಎಷ್ಟು, ಯಾವುದಕ್ಕೆ?

ಉತ್ತರ ಸಮಾಧಾನ ಕೊಡದಿದ್ದರೆ 104 ಆರೋಗ್ಯ ಸಹಾಯವಾಣಿ, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ 1800 425 8330, ಅಥವಾ ಕೇಂದ್ರದ 14555ಕ್ಕೆ ಕರೆ ಮಾಡಿ. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲೂ ದೂರು ಕೊಡಬಹುದು. ಹಣ ಕಟ್ಟಿಸಿಕೊಂಡರೆ ರಸೀದಿ ಬಿಡಬೇಡಿ.

ಎರಡು ತಪ್ಪು ಮಾಡಬೇಡಿ

ಒಂದು: ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ಸಿಜಿಎಚ್‌ಎಸ್, ಮಾಜಿ ಸೈನಿಕರಿಗೆ ಇಸಿಎಚ್‌ಎಸ್ ಇರುತ್ತದೆ. ಇವರು ತಮ್ಮ ಯೋಜನೆ ಅಥವಾ ವಯ ವಂದನಾ, ಎರಡರಲ್ಲಿ ಒಂದನ್ನೇ ಆರಿಸಬೇಕು. ಇದು ಒಂದೇ ಸಲದ ಆಯ್ಕೆ. ಸಿಜಿಎಚ್‌ಎಸ್, ಇಸಿಎಚ್‌ಎಸ್‌ಗಳಲ್ಲಿ ಹೊರರೋಗಿ ತಪಾಸಣೆ, ನಿತ್ಯದ ಔಷಧವೂ ಸಿಗುತ್ತದೆ. ‘5 ಲಕ್ಷ ಫ್ರೀ’ ಎಂಬ ಆಸೆಗೆ ಮೊಮ್ಮಗ ಆ್ಯಪ್ ತೆರೆದು ಎಲ್ಲದಕ್ಕೂ ‘ಯೆಸ್’ ಒತ್ತಿದರೆ ಅಜ್ಜನಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚಾಗಬಹುದು.

ಎರಡು: ಮೆಸೇಜ್ ನಂಬಿ ಖಾಸಗಿ ಆರೋಗ್ಯ ವಿಮೆಯ ಕಂತು ನಿಲ್ಲಿಸಬೇಡಿ. ‘ಹೇಗೂ ಸರ್ಕಾರದ ಕಾರ್ಡ್ ಬಂತಲ್ಲ, ವರ್ಷಕ್ಕೆ ಇಷ್ಟು ದುಡ್ಡು ಯಾಕೆ’ ಎನ್ನಿಸುವುದು ಸಹಜ. ಆದರೆ ಪಾಲಿಸಿ ಬಿಟ್ಟು ಹೊಸದು ತೆಗೆದುಕೊಳ್ಳಲು ಹೋದರೆ, ಈಗಾಗಲೇ ಇರುವ ಕಾಯಿಲೆಗಳಿಗೆ 3 ವರ್ಷದವರೆಗೆ ಕಾಯಿಸುವ ಅವಕಾಶ ಕಂಪನಿಗೆ ಇದೆ. ಆ ವಯಸ್ಸಿನಲ್ಲಿ ಹೊಸ ಪಾಲಿಸಿಯ ಕಂತೂ ಹೆಚ್ಚು. ನಿಮ್ಮ ಊರಿನ ಆಸ್ಪತ್ರೆ ಕಾರ್ಡ್ ಒಪ್ಪುತ್ತದೆ ಎಂದು ಖಾತ್ರಿಯಾಗುವವರೆಗೆ ಹಳೆಯ ಪಾಲಿಸಿ ಇರಲಿ.

ನೋಂದಣಿ ಹೇಗೆ?

ವಯ ವಂದನಾ ಕಾರ್ಡಿಗೆ ಆಯುಷ್ಮಾನ್ ಆ್ಯಪ್ ಅಥವಾ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದ ಜಾಲತಾಣ ಸಾಕು. ಆಧಾರ್ ಸಂಖ್ಯೆ, ಅದಕ್ಕೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ, ಒಂದು ಫೋಟೊ. ಹಳೆಯ ಮೊಬೈಲ್ ನಂಬರ್ ಆಧಾರ್‌ನಲ್ಲಿ ಉಳಿದುಬಿಟ್ಟಿರುವುದೇ ಅನೇಕ ಹಿರಿಯರಿಗೆ ಎದುರಾಗುವ ಅಡ್ಡಿ. ಫೋನ್ ಬಳಸಲು ಬಾರದವರು ಗ್ರಾಮ ಒನ್ ಅಥವಾ ಕಾಮನ್ ಸರ್ವಿಸ್ ಸೆಂಟರಿಗೆ ಆಧಾರ್ ಮತ್ತು ರೇಷನ್ ಕಾರ್ಡ್ ಹಿಡಿದು ಹೋಗಲಿ. ಆರೋಗ್ಯ ಕರ್ನಾಟಕದ ಕಾರ್ಡಿಗೂ ಅಲ್ಲೇ ಕೇಳಿ.

ಅರ್ಹತೆಗಾಗಿ ಯಾರಿಗೂ ಹಣ ಕೊಡಬೇಕಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ, ಮೆಸೇಜಿನ ಜೊತೆ ಬಂದ ಎಪಿಕೆ ಫೈಲ್ ಇನ್‌ಸ್ಟಾಲ್ ಮಾಡಬೇಡಿ. ಸರ್ಕಾರದ ಜಾಲತಾಣದ ಹೆಸರು ‘ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ. ‘ಆಯುಷ್ಮಾನ್ ಆಫೀಸಿನಿಂದ’ ಎಂದು ಕರೆ ಮಾಡಿ ಒಟಿಪಿ ಕೇಳಿದರೆ ಫೋನ್ ಇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಿ.

ಹಾಗಾದರೆ ದಿನದ ಮಾತ್ರೆಗೆ?

ಬಿಪಿ, ಶುಗರ್ ಪರೀಕ್ಷೆ ಮತ್ತು ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಶುರುವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಗೇ ಬಂದು ಇಂಥ ಕಾಯಿಲೆಗಳ ತಪಾಸಣೆ ಮಾಡುತ್ತಾರೆ. ನಿಮ್ಮ ಬೀದಿಗೆ ಯಾವಾಗ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಹೊರಗೆ ಕೊಳ್ಳಬೇಕಾದರೆ ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಬ್ರ್ಯಾಂಡ್ ಹೆಸರಿಲ್ಲದೆ ಕಡಿಮೆ ಬೆಲೆಗೆ ಸಿಗುತ್ತದೆ. ಮಾತ್ರೆ ತಪ್ಪಿಸದಿದ್ದರೆ 5 ಲಕ್ಷದ ಕಾರ್ಡ್ ತೆಗೆಯಬೇಕಾದ ದಿನವೇ ದೂರವಾಗಬಹುದು.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

‘70 ತುಂಬಿದ ಎಲ್ಲರಿಗೂ ವಯ ವಂದನಾ ಕಾರ್ಡ್ ಉಚಿತ. ಆಧಾರ್ ಬೇಕು. 5 ಲಕ್ಷ ಇರುವುದು ಮನೆಯ 70 ದಾಟಿದವರೆಲ್ಲರಿಗೂ ಸೇರಿ. ದಾಖಲಾದರೆ ಮಾತ್ರ, ನೋಂದಾಯಿತ ಆಸ್ಪತ್ರೆಯಲ್ಲಿ ಮಾತ್ರ. ಕರ್ನಾಟಕದಲ್ಲಿ ಹೋಗುವ ಮುಂಚೆ ಆರೋಗ್ಯ ಮಿತ್ರರನ್ನು ಅಥವಾ 104ಕ್ಕೆ ಕೇಳಿ. ಸಿಜಿಎಚ್‌ಎಸ್, ಇಸಿಎಚ್‌ಎಸ್ ಇದ್ದವರು ಯೋಚಿಸಿ ಆರಿಸಿ. ಇರುವ ವಿಮೆ ಬಿಡಬೇಡಿ. ಲಿಂಕ್ ಒತ್ತಬೇಡಿ, ಒಟಿಪಿ ಹೇಳಬೇಡಿ.’

ಇಷ್ಟನ್ನು ಗ್ರೂಪಿಗೆ ಕಳಿಸಿ ಸುಮ್ಮನಾಗಬೇಡಿ. ಈ ಭಾನುವಾರ ಮನೆಯ ಹಿರಿಯರ ಪಕ್ಕ ಕೂತು ಅವರ ಆಧಾರ್‌ನಲ್ಲಿರುವ ಹುಟ್ಟಿದ ದಿನಾಂಕ, ಮೊಬೈಲ್ ನಂಬರ್, ರೇಷನ್ ಕಾರ್ಡಿನಲ್ಲಿ ಹೆಸರು ಮೂರನ್ನೂ ನೋಡಿ. ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ತಿದ್ದಿಸಲು ಆಗದ ಕೆಲಸಗಳು ಇವು.